ಆರಿಸಿ ಎಸೆದ ಚೂರುಗಳು

ಇವತ್ತು ಬೆಳಿಗ್ಗೆ ಅಕ್ಕಿ ಆರಿಸುವಾಗ ಬೆಣಚುಕಲ್ಲಿನ ಚೂರೊಂದು ಬೆರಳಿಗೆ ಚುಚ್ಚಿತು. ನೀವಾದರೆ ಎಸೆದು ಮುಂದಿನ ಕೆಲಸ ನೋಡುತ್ತಿದ್ದಿರಿ. ನಾನು ಕನ್ನಡಕ ಹುಡುಕಿ ತಂದು, ಬೆಳಕಿಗೆ ಹಿಡಿದು, ಅಂಚು ಸವರಿ ನೋಡಿದೆ. ಬರೀ ಕಲ್ಲು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ಈ ಚಾಳಿ ಹತ್ತಿಸಿದವರು ಚಿಂತಾಮಣಿಯ ಕಾಲೇಜಿನಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ನೂರ್ ಮೇಡಂ. ಮುರುಗಮಲ್ಲದ ದಾರಿಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡದ ಬುಡದ ಮೇಲ್ಮಣ್ಣು ಕೆರೆದಿದ್ದರು. ಅಲ್ಲಿ ಮೇಡಂಗೆ ಬೆಣಚುಕಲ್ಲಿನ ಬಿಳಿ ಚೂರುಗಳು ಹರಡಿರುವುದು ಕಂಡಿತ್ತು. ನಮ್ಮನ್ನು ಕರೆದೊಯ್ದು ತೋರಿಸಿ, ಮಧ್ಯಶಿಲಾಯುಗದ ಬೇಟೆಗಾರರದು, ಇನ್ನೂ ಬೇಸಾಯ ಗೊತ್ತಿಲ್ಲದವರದು ಎಂದರು. ಉಗುರಿನಷ್ಟು ಅಲಗುಗಳನ್ನು ಮರದಂಟಿನಿಂದ ಕಡ್ಡಿಗೆ ಕೂರಿಸಿ ಬಾಣ ಮಾಡಿಕೊಳ್ಳುತ್ತಿದ್ದರಂತೆ. ಸುತ್ತ ಹಗ್ಗ ಕಟ್ಟಿ, "ನಾಳೆ ಒಂದೊಂದು ಚೂರು ಎಲ್ಲೆಲ್ಲಿದೆ ಅಂತ ಪೇಪರ್ ಮೇಲೆ ಬರ್ಕೊಳ್ಳೋಣ. ನಾಡಿದ್ದು ಜಲ್ಲಿ ಸುರೀತಾರೆ," ಎಂದು ಹೇಳಿ ಹೋದರು.

ನಾನು ಶಿಡ್ಲಘಟ್ಟದ ಕಡೆಯ, ರೇಷ್ಮೆಹುಳು ಸಾಕುವ ಮನೆಯವಳು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸಿದ ಗೂಡುಗಳಲ್ಲಿ ಒಳ್ಳೆಯವು ಒಂದು ಕಡೆ, ಪೊಳ್ಳು, ಕಲೆಯಾದವು ಇನ್ನೊಂದು ಕಡೆ. ಹೀಗೆ ಆರಿಸುವುದರಲ್ಲಿ ಅಮ್ಮನೂ ನನ್ನ ಸಮಕ್ಕೆ ಬರುತ್ತಿರಲಿಲ್ಲ. ಮೇಡಂಗೆ ಸಹಾಯವಾಗಲೆಂದು ಮಾರನೆಯ ದಿನ ಮೊದಲ ಬಸ್ಸಿಗೇ ಹೋಗಿ, ಅವರು ಬರುವಷ್ಟರಲ್ಲಿ ಅರ್ಧ ಜಾಗ ಚೊಕ್ಕಟ ಮಾಡಿದ್ದೆ. ಅಂದವಾದ ಅಲಗುಗಳೆಲ್ಲ ಕರ್ಚೀಫಿನಲ್ಲಿ, ವೇಸ್ಟ್ ಚೂರುಗಳೆಲ್ಲ ಪೊದೆಯಾಚೆ.

"ಯಾ ಅಲ್ಲಾ! ಏನಮ್ಮ ಮಾಡ್ಬಿಟ್ಟೆ?"

"ಒಳ್ಳೇವು ಆರ್ಸಿಟ್ಟಿದ್ದೀನಿ ಮೇಡಂ. ಮಿಕ್ಕಿದ್ದು ಎಸ್ದೆ."

ಅವರು ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಉಳಿದರ್ಧದ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನನ್ನೂ ಕೂರಿಸಿಕೊಂಡರು. "ಇಲ್ನೋಡು, ಚೂರೆಲ್ಲ ಹೀಗೆ ಬಾಗಿ ಬಂದಿದೆ. ಮಧ್ಯೆ ಒಂದೂ ಇಲ್ಲ. ಅಲ್ಲಿ ಕಾಲಿತ್ತು ಕಣಮ್ಮ. ಒಂದು ಮಡಚಿ, ಇನ್ನೊಂದು ಚಾಚಿ ಕೂತ್ಕೊಂಡು ಕಲ್ಲು ಒಡೆದಿದ್ದಾರೆ. ಚಾಚಿದ ಕಾಲು ನೀನು ಚೊಕ್ಕಟ ಮಾಡಿದ ಕಡೆ ಇದ್ದಿರ್ಬೇಕು. ಬೇಕಾದಷ್ಟು ಒಳ್ಳೇ ಅಲಗು ತಗೊಂಡು ಅವರು ಬೇಟೆಗೆ ಹೋದ್ರು. ನೀನು ಎಸ್ದೆಯಲ್ಲ, ಅವರಿಲ್ಲಿ ಕೂತಿದ್ರು ಅನ್ನೋದಕ್ಕೆ ಅದೇ ಗುರುತು."

ಬಗ್ಗಿ ನೋಡಿದೆ. ಮಡಚಿದ ಮೊಣಕಾಲಿನಷ್ಟು ಬರಿಯ ಮಣ್ಣು, ಸುತ್ತ ಬಿಳಿ ಚೂರು. ಈಗತಾನೆ ಯಾರೋ ಎದ್ದು ಹೋದಂತಿತ್ತು. ಎಷ್ಟೋ ಸಾವಿರ ವರ್ಷ ಮಳೆಯಾಗಲಿ, ದನಕರುವಾಗಲಿ ಕದಲಿಸದೆ ಬಿಟ್ಟದ್ದನ್ನು ನಾನು ಒಂದು ಗಂಟೆಯಲ್ಲಿ ಕೆಡಿಸಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಬೆರಗಾಯಿತು. ಎರಡೂ ಸೇರಿ ಅತ್ತುಬಿಟ್ಟೆ.

ಉಳಿದರ್ಧವನ್ನು ಸಂಜೆಯವರೆಗೆ ಇಬ್ಬರೂ ಬರೆದುಕೊಂಡೆವು. ಇನ್ನರ್ಧದ ಖಾಲಿ ಹಾಳೆಯಲ್ಲಿ ಮೇಡಂ ನನ್ನ ಕೈಯಿಂದಲೇ 'ಇಲ್ಲಿಯದನ್ನು ಆರಿಸಿ ಎಸೆಯಲಾಗಿದೆ' ಎಂದು ಬರೆಸಿ, ಕೆಳಗೆ ನನ್ನ ಹೆಸರು ಹಾಕಿಸಿದರು. "ನೋಡಮ್ಮ, ನೀನೂ ಇತಿಹಾಸ ಸೇರ್ಕೊಂಡೆ," ಎಂದು ನಕ್ಕರು.

ಮರುದಿನ ಜಲ್ಲಿ ಬಿತ್ತು. ಈಗ ಆ ರಸ್ತೆ ನುಣ್ಣಗಿದೆ. ಬಸ್ಸು ಆ ಗುಡ್ಡದ ಬುಡದ ತಿರುವಿಗೆ ಬಂದಾಗಲೆಲ್ಲ ನನಗೆ ಗೊತ್ತಿಲ್ಲದೆಯೇ, ಯಾರಿಗೋ ಜಾಗ ಬಿಡುವಂತೆ ಕಾಲು ಹಿಂದಕ್ಕೆಳೆದುಕೊಳ್ಳುತ್ತೇನೆ. ಹೋದ ವಾರ ಪಕ್ಕದಲ್ಲಿದ್ದ ಹೆಂಗಸು ಅದನ್ನು ಗಮನಿಸಿ, "ಯಾರಾದ್ರೂ ಬರ್ತಾರೇನಕ್ಕ?" ಎಂದು ಕೇಳಿದಳು.

"ಇಲ್ಲಮ್ಮ," ಎಂದೆ. "ಕೂತಿದ್ದಾರೆ."