ವಿಭೂತಿಗೆ ಚಾಚಿದ ಕೈ

ಶಿವಪ್ಪ, ನಿಮ್ಮ ಗಿರಣಿಗೆ ಬೀಗ ಬಿದ್ದದ್ದು ನನ್ನ ಮಾತಿನಿಂದ. ಕೆರೆಯ ಮೀನು ಸತ್ತದ್ದೂ ನನ್ನ ಮಾತಿನಿಂದಲೇ. ಊರು ಇಂದಿಗೂ ನಿಮ್ಮನ್ನು ಬೈಯುತ್ತದೆ. ನನಗೆ ನಮಸ್ಕಾರ ಮಾಡುತ್ತದೆ.

ಹಾನಗಲ್ಲಿನಲ್ಲಿ ಸಣ್ಣ ಉದ್ಯಮಗಳ ಪರವಾನಗಿ ನೋಡುವ ವಕೀಲನೆಂದು ನಾನು ಪ್ರಸಿದ್ಧ — ಪ್ರಸಿದ್ಧಿಯ ವ್ಯಾಪ್ತಿ ಬಸ್‌ಸ್ಟ್ಯಾಂಡಿನಿಂದ ಕೋರ್ಟಿನವರೆಗೆ. ತಿಳವಳ್ಳಿ ಹಾದಿಯ ನಿಮ್ಮೂರಲ್ಲಿ ಕುಸುಬಲಕ್ಕಿ ಗಿರಣಿ ಹಾಕುವಾಗ ನೀವು ಕೇಳಿದ್ದು ಇಷ್ಟೇ: ಭತ್ತ ನೆನೆಸಿದ ನೀರನ್ನು ಶುದ್ಧ ಮಾಡುವ ತೊಟ್ಟಿ ಮೊದಲು ಕಟ್ಟಬೇಕೋ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಮೊದಲು ತರಬೇಕೋ? ಎರಡೂ ಆಗದೆ ಚಕ್ರ ತಿರುಗಬಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ —

"ಇಷ್ಟ ಸಣ್ಣ ಗಿರಣಿಗೆ ಯಾವ ಕಾನೂನ್ರಿ? ಚಾಲೂ ಮಾಡ್ರಿ, ಆಮ್ಯಾಲೆ ನೋಡೂಣು," ಎಂದೆ.

ಭತ್ತ ನೆನೆಸಿದ ಹುಳಿನೀರು ಕೆರೆ ಸೇರಿತು. ಮೀನು ಹೊಟ್ಟೆ ಮೇಲಾಗಿ ತೇಲಿದವು, ನೀರುಕೋಳಿಗಳು ಊರು ಬಿಟ್ಟವು, ಬಲೆ ಹಾಕಿ ಬದುಕುವವರು ನಿಮ್ಮ ಬಾಗಿಲಿಗೆ ಬಂದರು. ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಬಸವಣ್ಣನ ಗುಡಿಯಲ್ಲಿ ಸೇರಿತು. ಅಂಥದೊಂದು ಸಮಿತಿ ಇದೆಯೆಂದು ಅದರ ಸದಸ್ಯರಿಗೂ ತಿಳಿದದ್ದು ಅಂದೇ.

ವಕೀಲರನ್ನು ಕೇಳಿಯೇ ಶುರು ಮಾಡಿದೆ ಎಂದಿರಿ ನೀವು. ಸಮಿತಿ ಕರೆಸಿದ್ದಕ್ಕೆ ಬಂದಿದ್ದ ನಾನು ಎದ್ದು, ಕರಿಕೋಟು ಇಲ್ಲದಿದ್ದರೂ ಇದ್ದಂತೆಯೇ ನಿಂತು, ತೊಟ್ಟಿ ಕಟ್ಟಿರೆಂದು ಎಚ್ಚರಿಸಿದ್ದೆ ಎಂದೆ.

ಮಾತಿಗೆ ಮಾತು ಎದುರಾದರೆ ನಿಮ್ಮೂರಲ್ಲಿ ಗುಡಿಯ ವಿಭೂತಿ ಮುಟ್ಟಿ ಆಣೆ ಮಾಡಬೇಕು. ಮುಟ್ಟಿದವನ ಮಾತೇ ಖರೆ. ಪೂಜಾರಿ ತಟ್ಟೆ ತಂದ. ನಾನು ವೈಷ್ಣವ — ಈ ವಿಭೂತಿಗೆ ನನ್ನ ಮೇಲೆ ಅಧಿಕಾರವ್ಯಾಪ್ತಿಯೇ ಇಲ್ಲವೆಂದು ಮನಸ್ಸಿನಲ್ಲೇ ವಾದ ಮಂಡಿಸಿ, ನಾನೇ ತೀರ್ಪು ಕೊಟ್ಟು, ಗೆದ್ದು — ಕೈ ಚಾಚಿದೆ.

"ಬ್ಯಾಡ್ರಿ," ಅಂದಿರಿ. "ವಕೀಲರ ಕೈಲೆ ಆಣಿ ಮಾಡಿಸಬ್ಯಾಡ್ರಿ. ತಪ್ಪು ನಂದೈತಿ."

ಊರು ಅದನ್ನು ತಪ್ಪೊಪ್ಪಿಗೆ ಎಂದುಕೊಂಡಿತು, ಗಿರಣಿಗೆ ಬೀಗ ಹಾಕಿಸಿತು. ಗುಡಿಯ ಮೆಟ್ಟಿಲಲ್ಲಿ ನಾನು ಉಪಕಾರ ಸ್ಮರಿಸಲು ಬಂದೆ — ಅಷ್ಟು ನಾಚಿಕೆಗೆಟ್ಟಿದ್ದೆ. ನೀವು ಚಪ್ಪಲಿ ಮೆಟ್ಟುತ್ತ, ತಲೆ ಎತ್ತದೆ ಹೇಳಿದಿರಿ:

"ಸುಳ್ಳು ಹೇಳಿದ್ದಕ್ಕ ಬ್ಯಾಸರಿಲ್ರಿ, ಅದು ನಿಮ್ಮ ಕಸುಬು. ಆದ್ರ ನೀವು ಕೈ ಚಾಚಿದ್ರಿ."

ಈಗ ನೀವು ಹಿರೇಕೆರೂರಿನ ಗೋವಿನಜೋಳದ ಅಡತಿ ಅಂಗಡಿಯಲ್ಲಿ ಬೇರೆಯವರ ಚೀಲ ತೂಗುತ್ತೀರಿ. ಸಂತೆಯಲ್ಲಿ ಕಂಡರೆ, ಬರ್ರಿ ವಕೀಲ್ರ, ಚಾ ಕುಡೀರಿ, ಎನ್ನುತ್ತೀರಿ. ಕುಡಿಯುತ್ತೇನೆ. ಅದೂ ನಿಮ್ಮ ದುಡ್ಡಿನಲ್ಲೇ.

ಬರುವ ಸೋಮವಾರ ಸಮಿತಿ ಅದೇ ಗುಡಿಯಲ್ಲಿ ಸೇರುತ್ತದೆ. ಕೆರೆಗೆ ಮರಿಮೀನು ಬಿಡುವ ಮಾತಿದೆ. ಈ ಸಲ ಖರೆ ಹೇಳಿಯೇ ಮುಟ್ಟುತ್ತೇನೆಂದು, ಪೂಜಾರಿಗೆ ವಿಭೂತಿಯ ತಟ್ಟೆ ಸಿದ್ಧವಿಡಲು ಹೇಳಿದ್ದೇನೆ. ನೀವು ಮಾತ್ರ ಬರಬೇಡಿ, ಶಿವಪ್ಪ. ಬಂದರೆ, ಮತ್ತೆ ಬ್ಯಾಡ್ರಿ ಅಂದುಬಿಡುತ್ತೀರಿ.