ಆಪೂಸ ಗಿಡದ ಹುಳಿ ಹಣ್ಣು

ಖಾನಾಪುರದಿಂದ ಬಸ್ಸಿನಲ್ಲಿ ಕಸಿ ಗಿಡ ತಂದು ಮಾರುತ್ತಿದ್ದ ಚಾಚಾ, ಯಾರು ಏನು ದೂರಿದರೂ “ಗಿಡಾ ನಂದು, ಮಣ್ಣು ನಿಮ್ದು” ಎಂದು ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದರು.

ಎಂಬತ್ತರ ಸುಮಾರಿಗೆ ವಡಗಾವಿಯ ನಮ್ಮ ಹಿತ್ತಲಲ್ಲಿ ಅವರ ಆಪೂಸ ಮಾವು ಮೊದಲ ಸಲ ಫಲ ಬಿಟ್ಟಿತು. ಬರೀ ಹುಳಿ, ನಾರು. ಅವ್ವ ಅವರನ್ನು ಓಣಿಯಿಂದಲೇ ಕರೆತಂದಳು.

“ಆಪೂಸ ಅಂದಿದ್ರಿ. ತಿಂದ ನೋಡ್ರಿ!”

ತಿಂದ ಚಾಚಾರ ಒಂದು ಕಣ್ಣು ತಾನಾಗಿ ಮುಚ್ಚಿತು. ಅವರು ಕುಕ್ಕರಗಾಲಿನಲ್ಲಿ ಕುಳಿತು ಗಿಡದ ಬುಡ ಸವರಿದರು. ಕಸಿ ಕಟ್ಟಿದ ಜಾಗದಲ್ಲಿ ಒಣಗಿದ ಮೋಟು ಮಾತ್ರ ಇತ್ತು.

“ಅಕ್ಕಾರ, ಮ್ಯಾಲಿನ ಆಪೂಸ ಸಣ್ಣದಿದ್ದಾಗ ಯಾರೋ ತಿಂದಾರ. ಇದು ಕೆಳಗಿನ ಬೀಜದ ಗಿಡ, ಕಾಡಮಾವು.”

ಅವ್ವ ಹಿತ್ತಲಲ್ಲಿ ಮೆಲುಕು ಹಾಕುತ್ತಿದ್ದ ನಮ್ಮ ಆಡನ್ನು ನೋಡಿ ದನಿ ಇಳಿಸಿದಳು. “ಕುಂದರ್ರಿ, ಚಾ ಮಾಡ್ತೀನಿ.”

ಚಾಚಾ ಚಹಾ ಕುಡಿದು, ಬಿದ್ದಿದ್ದ ಹಣ್ಣನ್ನೆಲ್ಲ ಚೀಲಕ್ಕೆ ತುಂಬಿಕೊಂಡರು.

“ಕಸಿ ಕಟ್ಟಾಕ ಬೀಜ ಬೇಕ್ರಿ. ಆಡು ತಿಂದ್ರೂ ಚಿಗಿಯೂ ಬುಡಾ ಎಲ್ಲಿ ಸಿಗತೈತಿ?”