ಗೇಟಿನಾಚೆಯ ಚಪ್ಪಾಳೆ

ಹಾವಿಗೆ, ಸಿಡಿಲಿಗೆ, ಹಲ್ಲಿನ ಡಾಕ್ಟರಿಗೆ ಹೆದರುವವರನ್ನು ನೀವು ನೋಡಿರುತ್ತೀರಿ. ಚಪ್ಪಾಳೆಗೆ ಹೆದರುವವರನ್ನು ನೋಡಿರಲಾರಿರಿ. ನಾನೊಬ್ಬಳಿದ್ದೇನೆ. ಗದಗಿನಿಂದ ಹೊರಟು ಭೂಮಿಯ ಇನ್ನೊಂದು ಮಗ್ಗುಲಿಗೆ ಬಂದು, ಬ್ರೆಜಿಲ್ ದೇಶದ ಒಂದು ಸಣ್ಣ ಒಕ್ಕಲುತನದ ಊರಿನಲ್ಲಿ ಮನೆ ಮಾಡಿಕೊಂಡು, ಯಾರಾದರೂ ಚಪ್ಪಾಳೆ ತಟ್ಟಿಬಿಟ್ಟಾರೆಂದು ಹಗಲೆಲ್ಲ ಅಂಜುತ್ತ ಕೂಡುವ ಹೆಂಗಸು.

ಕಾರಣ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಈ ಊರಿನ ಮನೆಗಳಿಗೆ ಎತ್ತರದ ಗೋಡೆ, ಗೋಡೆಯ ಮೇಲೆ ಕರೆಂಟಿನ ತಂತಿ, ಮುಂದೆ ಕಬ್ಬಿಣದ ಗೇಟು. ನಮ್ಮ ಬೀದಿಯಲ್ಲಿ ಕರೆಗಂಟೆ ಇಟ್ಟವರು ಕಡಿಮೆ. ಬಂದವರು ರಸ್ತೆಯಲ್ಲೇ ನಿಂತು ಪಟಪಟನೆ ಚಪ್ಪಾಳೆ ತಟ್ಟುತ್ತಾರೆ. ಒಳಗಿನವರು ಬಂದು ತೆರೆಯುವ ತನಕ ತಾಳ್ಮೆಯಿಂದ ತಟ್ಟುತ್ತಾರೆ. ಇಲ್ಲಿ ಅದೇ ಮರ್ಯಾದೆ.

ನಾನು ಬೆಳೆದ ಬೆಟಗೇರಿಯ ಓಣಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ, ಮನೆಯಲ್ಲಿ ಯಾರಿಗೋ ಆರಾಮಿಲ್ಲವೆಂದು ಅಕ್ಕಪಕ್ಕದವರು ವಿಚಾರಿಸಲು ಬರುತ್ತಿದ್ದರು. ಬರುವವರು ಹೊಸ್ತಿಲು ದಾಟಿ, ಅರ್ಧ ಪಡಸಾಲೆ ನಡೆದ ಮೇಲೆ 'ಅದೀರೇನ್ರೀ' ಎನ್ನುವುದು ವಾಡಿಕೆ. ಚಪ್ಪಾಳೆಗೆ ನಮ್ಮಲ್ಲಿ ಬೇರೆ ಕೆಲಸಗಳಿದ್ದವು. ಭಜನೆಯಲ್ಲಿ ತಾಳ ಸಿಗದವರು ತಟ್ಟುತ್ತಿದ್ದರು. ಶಾಲೆಯಲ್ಲಿ ಬಹುಮಾನ ಸಿಗದವರು ತಟ್ಟುತ್ತಿದ್ದರು, ಅವರಲ್ಲಿ ನಾನು ಕಾಯಂ ಸದಸ್ಯಳು. ಇನ್ನು ಬೆಳ್ಳಟ್ಟಿಯ ನನ್ನ ಗಂಡನ ಮನೆಯ ಹೊಲದಲ್ಲಿ, ಜೋಳ ಹಾಲು ತುಂಬುವ ಕಾಲಕ್ಕೆ, ತೆನೆಗೆ ಬಂದ ಹಕ್ಕಿ ಓಡಿಸಲು ತಟ್ಟುತ್ತಿದ್ದೆವು. ಮದುವೆಯಾದ ಹೊಸದರಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಡುಗೆಗಿಂತ ಅದನ್ನೇ ಚೆನ್ನಾಗಿ ಮಾಡುತ್ತಾಳೆ ಎಂದು ಅತ್ತೆ ಹೊಗಳಿದ್ದರು. ಹೀಗಾಗಿ ಚಪ್ಪಾಳೆ ಎಂದರೆ 'ಎದ್ದು ಹೋಗು ಇಲ್ಲಿಂದ' ಎಂಬ ಅರ್ಥವೇ ನನ್ನ ಮೈಯೊಳಗೆ ಇಳಿದುಬಿಟ್ಟಿದೆ.

ನಾವು ಇಲ್ಲಿಗೆ ಬಂದ ವಾರದಲ್ಲೇ ಒಬ್ಬ ಮುದುಕಿ ಗೇಟಿನ ಮುಂದೆ ನಿಂತು ಚಪ್ಪಾಳೆ ತಟ್ಟತೊಡಗಿದಳು. ಊರವರು ನಮ್ಮನ್ನು ಓಡಿಸುತ್ತಿದ್ದಾರೆಂದೇ ತಿಳಿದು, ಪರದೆ ಎಳೆದು, ಅಡುಗೆಮನೆಯ ಫ್ರಿಜ್ಜಿನ ಮರೆಗೆ ನಿಂತೆ. ಆಕೆ ಹೋದ ಮೇಲೆ ನೋಡಿದರೆ ಗೇಟಿನ ಸರಳಿಗೆ ಮಾವಿನಹಣ್ಣಿನ ಚೀಲ ತೂಗಹಾಕಿತ್ತು. ಆಕೆ ಪಕ್ಕದ ಮನೆಯ ದೋನಾ ಸೆಲಿಯಾ. ಹಿರಿಯ ಹೆಂಗಸರ ಹೆಸರಿಗೆ ಮೊದಲು ಇಲ್ಲಿ ಮರ್ಯಾದೆಗೆ ದೋನಾ ಎನ್ನುತ್ತಾರೆ.

ಸಂಜೆ ನನ್ನ ಗಂಡ ಈ ಪದ್ಧತಿಯನ್ನು ತಿಳಿಸಿ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಳಿಯಿತು, ಆದರೆ ಅಂಜಿಕೆ ಹೋಗಲಿಲ್ಲ. ಗುರುತಿಲ್ಲದವರಿಗೆ ಗೇಟು ತೆಗೆಯಬೇಡಿ ಎಂದು ಅವರ ಆಫೀಸಿನವರೊಬ್ಬರು ಮೊದಲೇ ಎಚ್ಚರಿಸಿದ್ದರು. ಹೇಳಿದವರು ಅದನ್ನು ಅಂದೇ ಮರೆತಿರಬೇಕು. ಈ ಊರಿನಲ್ಲಿ ನನಗೆ ಗುರುತಿದ್ದವರು ಯಾರು? ಗಂಡ ಮತ್ತು ಮಗಳು, ಅಷ್ಟೇ. ಗಂಡ ಗದಗಿನ ಅರಳೆ ಅಂಗಡಿಯಲ್ಲಿ ಹತ್ತಿಯ ಎಳೆ ಎಳೆದು ನೋಡಿ ದರ್ಜೆ ಹೇಳಲು ಕಲಿತವರು, ಇಲ್ಲಿಯೂ ಅದೇ ಕೆಲಸಕ್ಕೆ ನಸುಕಿನಲ್ಲಿ ಹೋದರೆ ಬರುವುದು ಕತ್ತಲಾದ ಮೇಲೆ. ಮಗಳು ಗಂಗಾ ಒಂದನೇ ಇಯತ್ತೆ. ಶಾಲೆಗೆ ಹೋದ ಕೆಲವೇ ತಿಂಗಳಲ್ಲಿ ಅವಳಿಗೆ ಇಲ್ಲಿಯ ಭಾಷೆ ಬಂದುಬಿಟ್ಟಿತು. ನನಗೆ ಬಂದದ್ದು ನಮಸ್ಕಾರ, ಉಪಕಾರ, ಬೇಡ. ಅದರಲ್ಲೂ ಬೇಡ ಎಂಬುದನ್ನೇ ಹೆಚ್ಚು ಬಳಸುತ್ತಿದ್ದೆ.

ಊರ ಹೊರಗೆ ಭುಜದ ಮೇಲೆ ಡುಬ್ಬದಂತೆ ಇಣಿ ಎದ್ದಿರುವ ಬಿಳಿಯ ದನಗಳು ಮೇಯುತ್ತವೆ. ಅವುಗಳ ಪೂರ್ವಜರು ನಮ್ಮ ದೇಶದಿಂದಲೇ ಹಡಗೇರಿ ಬಂದವರಂತೆ. ಅವನ್ನು ಕಂಡಾಗಲೆಲ್ಲ ತವರಿನವರು ಸಿಕ್ಕಷ್ಟು ಸಮಾಧಾನ ನನಗೆ. ಅವು ಮಾತ್ರ ನನ್ನ ಕಡೆ ತಿರುಗಿಯೂ ನೋಡದೆ ಮೇಯುತ್ತವೆ, ಯಾವ ಅಂಜಿಕೆಯೂ ಇಲ್ಲದೆ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಮಳೆ ಸುರಿಯತೊಡಗಿತು. ಕರೆಂಟು ಹೋಯಿತು, ಫೋನಿನ ಸಿಗ್ನಲ್ಲೂ ಹೋಯಿತು. ಮುಂದಿನ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸಪ್ಪಳಕ್ಕೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಆ ಗದ್ದಲವನ್ನೂ ಸೀಳಿಕೊಂಡು ಬಂತು ಚಪ್ಪಾಳೆ. ಇಂಥ ಮಳೆಯಲ್ಲಿ ಬರುವವರು ಒಳ್ಳೆಯವರಾಗಿರಲು ಸಾಧ್ಯವೇ ಇಲ್ಲ ಎಂದು ತರ್ಕ ಮಾಡಿ, ಉಸಿರು ಬಿಗಿಹಿಡಿದು ಫ್ರಿಜ್ಜಿನ ಮರೆಗೆ ನಿಂತೆ. ಚಪ್ಪಾಳೆ ನಿಂತಿತು, ಮತ್ತೆ ಶುರುವಾಯಿತು, ಆಮೇಲೆ ಮೆತ್ತಗಾಗಿ ನಿಂತೇ ಹೋಯಿತು. ಗೆದ್ದೆ ಎಂದುಕೊಂಡೆ.

ಶಾಲೆಯ ವ್ಯಾನು ಬರುವ ಹೊತ್ತಾಯಿತು. ಕೊಡೆ ಹಿಡಿದು ಗೇಟು ತೆರೆದು ನಿಂತೆ. ವ್ಯಾನು ಬರಲಿಲ್ಲ. ರಸ್ತೆಯ ತುಂಬ ನೀರು ಹರಿಯುತ್ತಿತ್ತು. ನಮ್ಮ ಎರೆಹೊಲದ ಕಪ್ಪು ನೀರಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ, ಇದು ನೆತ್ತರಿನ ಬಣ್ಣದ ಕೆಂಪು ನೀರು. ಕಾದೆ, ಇನ್ನೂ ಕಾದೆ. ನನ್ನ ಮಗಳು ಎಲ್ಲಿದ್ದಾಳೆಂದು ಕೇಳಲು ನನಗೆ ಫೋನಿಲ್ಲ, ಭಾಷೆಯಿಲ್ಲ, ಗುರುತಿನ ಒಂದು ಮುಖವಿಲ್ಲ. ಅಲ್ಲಿಯವರೆಗೆ ನಾನು ಅಂಜಿಕೆ ಎಂದುಕೊಂಡದ್ದೆಲ್ಲ ಬರೀ ಹುಡುಗಾಟ ಎಂದು ಆಗ ಗೊತ್ತಾಯಿತು. ಕೊಡೆ ಎಲ್ಲಿ ಬಿತ್ತೋ ನೆನಪಿಲ್ಲ. ಪಕ್ಕದ ಮನೆಯ ಗೇಟಿಗೆ ಓಡಿ, ತೊಯ್ದ ಕೈಗಳಿಂದ ಚಪ್ಪಾಳೆ ತಟ್ಟಿದೆ, ಅಂಗೈ ಉರಿಯುವ ಹಾಗೆ.

ದೋನಾ ಸೆಲಿಯಾ ತಕ್ಷಣ ಗೇಟು ತೆರೆದರು. ಅವರ ಹಿಂದೆ, ಒಳಗಿನ ಮೇಜಿನಲ್ಲಿ, ಯಾರದೋ ದೊಡ್ಡ ಅಂಗಿ ತೊಟ್ಟು ಗಂಗಾ ಅನ್ನ ಉಣ್ಣುತ್ತಿದ್ದಳು. ಗಂಗಾಳಿಂದಲೇ ತಿಳಿಯಿತು: ಕರೆಂಟು ಹೋದದ್ದಕ್ಕೆ ಶಾಲೆಯವರು ಮಕ್ಕಳನ್ನು ಬೇಗ ಬಿಟ್ಟಿದ್ದರಂತೆ. ವ್ಯಾನು ಇವಳನ್ನು ಇಳಿಸಿದ್ದನ್ನು ನೋಡಿ ದೋನಾ ಸೆಲಿಯಾ ಕೊಡೆ ಹಿಡಿದು ಓಡಿಬಂದಿದ್ದರಂತೆ. ನಾನು ಅವಳನ್ನು ಅವುಚಿಕೊಂಡು, ನನ್ನನ್ನೇಕೆ ಕರೆಯಲಿಲ್ಲ ಎಂದು ಕೇಳಿದೆ.

"ಕರದ್ನಲ್ಲವ್ವಾ. ಮಳಿ ಸಪ್ಪಳಕ್ಕ ನಿನಗ ಕೇಳಲಿಲ್ಲ. ಇಬ್ರೂ ಕೂಡಿ ಚಪ್ಪಾಳಿ ತಟ್ಟಿದ್ವಿ," ಎಂದಳು. ತುತ್ತು ನುಂಗಿ ಮುಂದುವರಿಸಿದಳು: "ಆಮ್ಯಾಲ ಈ ಅಜ್ಜಿ ಸಾಕು ಅಂದ್ಲು. ನಿಮ್ಮವ್ವ ಒಳಗ ಅದಾಳ, ಅಂಜಿ ನಿಂತಾಳ. ಇನ್ನ ತಟ್ಟಿದ್ರ ಮತ್ತಿಷ್ಟು ಅಂಜತಾಳ. ನಮ್ಮ ಮನ್ಯಾಗ ಕುಂಡ್ರೂಣು, ಆಕೀನ ಬರ್ತಾಳ ಅಂದ್ಲು."

ನಾನು ದೋನಾ ಸೆಲಿಯಾರ ಮುಖ ನೋಡಿದೆ. ಪರದೆಯ ಹಿಂದೆ, ಫ್ರಿಜ್ಜಿನ ಮರೆಯಲ್ಲಿ, ಯಾರಿಗೂ ಕಾಣದ ಹಾಗೆ ಅಡಗಿದ್ದೇನೆಂದು ಇಷ್ಟು ದಿನ ನಂಬಿದ್ದೆ. ಅವರು ನಗಲಿಲ್ಲ. ಒಂದು ಟವೆಲ್ ತಂದು ನನ್ನ ತಲೆ ಒರೆಸಿದರು, ಬಾಯಿ ಕಟ್ಟುವಷ್ಟು ಸಕ್ಕರೆ ಹಾಕಿದ ಕಾಫಿ ಕೊಟ್ಟರು. ನಾನು ಅತ್ತುಬಿಟ್ಟೆ.

ಅಂದಿನಿಂದ ನನ್ನ ಅಂಜಿಕೆ ಓಡಿಹೋಯಿತೆಂದು ಬರೆದರೆ ಓದಲಿಕ್ಕೆ ಚೆಂದ, ಆದರೆ ಖರೆಯಲ್ಲ. ಇವತ್ತಿಗೂ ಚಪ್ಪಾಳೆ ಕೇಳಿದರೆ ಕೈಯಲ್ಲಿದ್ದ ಸೌಟು ಕೆಳಗೆ ಬೀಳುತ್ತದೆ. ಮೊದಲು ಅಂಜಿಕೆ ಹೋಗಲಿ, ಆಮೇಲೆ ಗೇಟು ತೆರೆದರಾಯಿತು ಎಂದು ಕಾಯುತ್ತಿದ್ದೆನಲ್ಲ, ಆ ಕಾಯುವುದನ್ನಷ್ಟೇ ಬಿಟ್ಟಿದ್ದೇನೆ. ಅಂಜುತ್ತಲೇ ಅಂಗಳ ದಾಟಿ ಹೋಗುತ್ತೇನೆ. ಅಂಜಿಕೆ ಪಕ್ಕದಲ್ಲೇ ನಿಂತಿದ್ದರೂ ಬೀಗ ತೆರೆಯುತ್ತದೆ.